‘ಸನ್’ ಮೂಡದ ಊರು

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎಷ್ಟೋ ಅಂಗಡಿಗಳಲ್ಲಿ ಬೇರೆಲ್ಲ ಪತ್ರಿಕೆಗಳೂ ಸಿಗುತ್ತವೆ, ‘ದಿ ಸನ್’ ಮಾತ್ರ ಸಿಗುವುದಿಲ್ಲ. ಅದನ್ನು ಸರ್ಕಾರ ನಿಷೇಧಿಸಿಲ್ಲ, ನ್ಯಾಯಾಲಯ ತಡೆದಿಲ್ಲ. ಊರಿನವರೇ ಬೇಡವೆಂದರು, ಮೂವತ್ತೈದು ವರ್ಷ ಕಳೆದರೂ ಆ ‘ಬೇಡ’ ಸಡಿಲವಾಗಿಲ್ಲ. ಒಂದು ಕಾಲಕ್ಕೆ ದಿನವೊಂದಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗುತ್ತಿದ್ದ, ಬ್ರಿಟನ್ನಿನ ಅತಿ ಜನಪ್ರಿಯ ಟ್ಯಾಬ್ಲಾಯ್ಡ್ ಪತ್ರಿಕೆಯೊಂದು ಒಂದು ಇಡೀ ಪ್ರದೇಶದಿಂದ ಹೀಗೆ ಗಡೀಪಾರಾಯಿತು. ಜನಪ್ರಿಯ ಪತ್ರಿಕೆಗಳು ಜನರ ವಿಚಾರಗಳನ್ನು ರೂಪಿಸುತ್ತವೆಯೇ ಅಥವಾ ಜನ ಮೊದಲೇ ಅಂದುಕೊಂಡಿದ್ದನ್ನು ದಪ್ಪ ಅಕ್ಷರದಲ್ಲಿ ಮರಳಿಸುತ್ತವೆಯೇ ಎಂಬ ಹಳೆಯ ಜಗಳಕ್ಕೆ ಲಿವರ್‌ಪೂಲಿನ ಈ ಹಟ ಅಪರೂಪದ ಸಾಕ್ಷ್ಯ ಒದಗಿಸಿದೆ.

ನಡೆದದ್ದು ಇಷ್ಟು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಎಫ್‌ಎ ಕಪ್ ಸೆಮಿಫೈನಲ್ ಪಂದ್ಯ. ಬೇಲಿ ಹಾಕಿದ ಆವರಣದೊಳಗೆ ಮಿತಿಮೀರಿ ಜನ ತುಂಬಿ, ಲಿವರ್‌ಪೂಲ್ ತಂಡದ ಅಭಿಮಾನಿಗಳು ನಿಂತಲ್ಲೇ ಉಸಿರುಗಟ್ಟಿದರು. ಸತ್ತವರ ಸಂಖ್ಯೆ ಕೊನೆಗೆ 97ಕ್ಕೆ ಮುಟ್ಟಿತು. ನಾಲ್ಕು ದಿನದ ನಂತರ ‘ದಿ ಸನ್’ ತನ್ನ ಮುಖಪುಟದಲ್ಲಿ ‘ಸತ್ಯ’ ಎಂದು ದೊಡ್ಡದಾಗಿ ಅಚ್ಚು ಹಾಕಿತು. ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಪ್ರಾಣ ಉಳಿಸಲು ಹೆಣಗುತ್ತಿದ್ದ ಪೇದೆಯನ್ನು ಹೊಡೆದರು ಎಂಬುದು ಆ ‘ಸತ್ಯ’. ಮಾಹಿತಿ ಬಂದದ್ದು ಪೊಲೀಸರ ಕಡೆಯಿಂದ. 2012ರಲ್ಲಿ ಸ್ವತಂತ್ರ ಸಮಿತಿಯೊಂದು ಅದೆಲ್ಲ ಬುಡವಿಲ್ಲದ್ದು ಎಂದು ದಾಖಲೆ ಸಮೇತ ತೋರಿಸಿತು. ಪತ್ರಿಕೆ ಮುಖಪುಟದಲ್ಲೇ ಕ್ಷಮೆ ಕೇಳಿತು. ‘ನಿಜವಾದ ಸತ್ಯ’ ಎಂಬ ತಲೆಬರಹದಡಿ, 23 ವರ್ಷ ತಡವಾಗಿ. 2016ರ ಮರುವಿಚಾರಣೆಯಲ್ಲಿ ಜ್ಯೂರಿಯು ಅದು ಕಾನೂನುಬಾಹಿರ ಹತ್ಯೆಯೆಂದೂ ಅಭಿಮಾನಿಗಳದ್ದು ತಪ್ಪಿಲ್ಲವೆಂದೂ ಹೇಳಿತು. ಅಷ್ಟು ಹೊತ್ತಿಗೆ ಲಿವರ್‌ಪೂಲ್ ಸೇರಿದಂತೆ ಮರ್ಸಿಸೈಡ್ ಪ್ರದೇಶದಲ್ಲಿ ಪತ್ರಿಕೆಯ ಮಾರಾಟ ಕುಸಿದು ಒಂದು ತಲೆಮಾರೇ ಕಳೆದಿತ್ತು.

ಫ್ಲೋರಿಯನ್ ಫೂಸ್ ಮತ್ತು ಡೇನಿಯಲ್ ಬಿಶೋಫ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರಿಗೆ ಈ ಬಹಿಷ್ಕಾರದಲ್ಲಿ ಒಂದು ಪ್ರಯೋಗಶಾಲೆ ಕಂಡಿತು. ಪತ್ರಿಕೆಯ ಪ್ರಭಾವವನ್ನು ಅಳೆಯುವುದು ಕಷ್ಟ, ಏಕೆಂದರೆ ಜನ ತಮ್ಮ ಮನಸ್ಸಿಗೆ ಒಪ್ಪುವ ಪತ್ರಿಕೆಯನ್ನೇ ಕೊಳ್ಳುತ್ತಾರೆ. ಲಿವರ್‌ಪೂಲಿನಲ್ಲಿ ಹಾಗಾಗಲಿಲ್ಲ. ಜನ ‘ದಿ ಸನ್’ ಬಿಟ್ಟದ್ದು ಅದರ ರಾಜಕೀಯಕ್ಕಾಗಿ ಅಲ್ಲ, ಸತ್ತವರಿಗೆ ಅದು ಮಾಡಿದ ಅವಮಾನಕ್ಕಾಗಿ. ಅದೇ ಹೊತ್ತಿಗೆ ಆ ಪತ್ರಿಕೆ ದೇಶದ ಉಳಿದೆಡೆ ಐರೋಪ್ಯ ಒಕ್ಕೂಟದ ವಿರುದ್ಧ ದಿನನಿತ್ಯ ಗುಡುಗತೊಡಗಿತ್ತು. ಹಾಗಾದರೆ ಆ ಗುಡುಗು ಕೇಳಿಸದ ಊರಿನಲ್ಲಿ ಏನಾಯಿತು? ಬ್ರಿಟನ್ನಿನ ಸಾಮಾಜಿಕ ಮನೋಭಾವ ಸಮೀಕ್ಷೆಗಳನ್ನು ಜಾಲಾಡಿದ ಇವರಿಗೆ, ಬಹಿಷ್ಕಾರದ ನಂತರ ಮರ್ಸಿಸೈಡ್‌ನಲ್ಲಿ ಯುರೋಪ್ ವಿರೋಧಿ ಭಾವನೆ ಬೇರೆಡೆಗೆ ಹೋಲಿಸಿದರೆ ಇಳಿದದ್ದು ಕಂಡಿತು. ಅದೂ ಮುಖ್ಯವಾಗಿ ಕಾರ್ಮಿಕ ವರ್ಗದವರಲ್ಲಿ, ಅಂದರೆ ‘ದಿ ಸನ್’ ಓದುತ್ತಿದ್ದ ಜನರಲ್ಲೇ. 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ದೇಶ ಶೇ 52ರಷ್ಟು ಮತದಿಂದ ಹೊರನಡೆಯಿತು. ಲಿವರ್‌ಪೂಲ್ ಶೇ 58ರಷ್ಟು ಮತದಿಂದ ಒಕ್ಕೂಟದಲ್ಲೇ ಉಳಿಯೋಣವೆಂದಿತು.

ಇದನ್ನು ಓದಿ ತೊಡೆ ತಟ್ಟಿಕೊಳ್ಳುವ ಮೊದಲು ಒಂದೆರಡು ಅನುಮಾನಗಳನ್ನು ಹೇಳಿಬಿಡಬೇಕು. 1994ರಿಂದ ಮರ್ಸಿಸೈಡ್ ಪ್ರದೇಶಕ್ಕೆ ಒಕ್ಕೂಟದ ಅಭಿವೃದ್ಧಿ ನಿಧಿಯಿಂದ ಹಣ ಹರಿದುಬಂದಿದೆ; ಉಂಡವರಿಗೆ ಉಪ್ಪಿನ ನೆನಪಿರುವುದು ಸಹಜ. 1980ರ ದಶಕದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲದಿಂದಲೂ ಲಂಡನ್ ಸರ್ಕಾರವನ್ನು ಕಂಡರೆ ಆ ಊರಿಗೆ ಆಗದು. ಹಾಗಾಗಿ ಎಲ್ಲವನ್ನೂ ಒಂದು ಪತ್ರಿಕೆಯ ಗೈರುಹಾಜರಿಯ ತಲೆಗೆ ಕಟ್ಟಲಾಗದು. ಆದರೂ ಒಂದು ವಿವರ ನನ್ನನ್ನು ಕಾಡುತ್ತದೆ. ‘ದಿ ಸನ್’ ಬಿಟ್ಟ ಹಲವರು ಗಂಭೀರ ಪತ್ರಿಕೆಗಳಿಗೆ ಹೋಗಲಿಲ್ಲ, ‘ಡೇಲಿ ಮಿರರ್’ ಎಂಬ ಇನ್ನೊಂದು ಟ್ಯಾಬ್ಲಾಯ್ಡ್ ಹಿಡಿದರು. ಅದೇ ಫುಟ್‌ಬಾಲ್, ಅದೇ ನಟಿಯರ ವಿಚ್ಛೇದನ, ಅದೇ ರಾಜಮನೆತನದ ಗಾಸಿಪ್. ಬದಲಾದದ್ದು ಇವೆಲ್ಲದರ ನಡುವೆ ಸುಳಿಯುವ ರಾಜಕೀಯ ಮಾತ್ರ.

ಟ್ಯಾಬ್ಲಾಯ್ಡ್ ಎಂಬ ಪದ ಔಷಧ ಅಂಗಡಿಯಿಂದ ಬಂದದ್ದು. ಬರೋಸ್ ವೆಲ್ಕಮ್ ಎಂಬ ಕಂಪನಿ 1884ರಲ್ಲಿ ತನ್ನ ಒತ್ತಿ ಕಿರಿದು ಮಾಡಿದ ಮಾತ್ರೆಗಳಿಗೆ ಇಟ್ಟ ಹೆಸರು ಅದು. ಮುಂದೆ ಚಿಕ್ಕದು, ಸುಲಭವಾಗಿ ನುಂಗಬಹುದಾದದ್ದು ಎಂಬ ಅರ್ಥದಲ್ಲಿ ಪತ್ರಿಕೆಗಳಿಗೂ ಅಂಟಿಕೊಂಡಿತು. ಕನ್ನಡದಲ್ಲಿ ಟ್ಯಾಬ್ಲಾಯ್ಡ್ ಎಂದರೆ ಮೊದಲು ನೆನಪಾಗುವುದು ಬೇರೆಯೇ ತಳಿ: 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ, ಜಾಹೀರಾತನ್ನೇ ಮುಟ್ಟದ ಕಪ್ಪು ಬಿಳುಪಿನ ವಾರಪತ್ರಿಕೆ ಮತ್ತು ಅದರ ಹಾದಿಯಲ್ಲಿ ಹುಟ್ಟಿದ ಹಲವು. ಆಳುವವರನ್ನು ಹೆಸರು ಹಿಡಿದು ಕುಟುಕಿದ ಆ ಪತ್ರಿಕೆ ಒಂದು ತಲೆಮಾರಿನ ಓದುಗರ ರಾಜಕೀಯ ನುಡಿಗಟ್ಟನ್ನೇ ಬದಲಿಸಿತು. ಟ್ಯಾಬ್ಲಾಯ್ಡ್ ಎಂಬ ಆಕಾರಕ್ಕೆ ಹುಟ್ಟಿನಿಂದಲೇ ಒಂದು ಪಕ್ಷವಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಬ್ರಿಟನ್ನಿನ ದಿನಪತ್ರಿಕೆಯ ಕಥೆಯಲ್ಲಿ ಜಾಹೀರಾತು ದೊಡ್ಡ ಪಾತ್ರ ವಹಿಸಿದೆ.

‘ದಿ ಸನ್’ ಹುಟ್ಟಿದ್ದೇ ಒಂದು ಕಾರ್ಮಿಕ ಪತ್ರಿಕೆಯ ಹೊಟ್ಟೆಯಿಂದ. ‘ಡೇಲಿ ಹೆರಾಲ್ಡ್’ ಲೇಬರ್ ಪಕ್ಷಕ್ಕೂ ಕಾರ್ಮಿಕ ಸಂಘಗಳಿಗೂ ಹತ್ತಿರದ ಪತ್ರಿಕೆ. 1930ರ ದಶಕದಲ್ಲಿ 20 ಲಕ್ಷ ಪ್ರತಿ ದಾಟಿದ್ದ ದೈತ್ಯ. 1964ರಲ್ಲಿ ಅದು ಕಣ್ಣು ಮುಚ್ಚುವಾಗಲೂ ‘ದಿ ಟೈಮ್ಸ್’ ಪತ್ರಿಕೆಗಿಂತ ಹಲವು ಪಟ್ಟು ಹೆಚ್ಚು ಓದುಗರಿದ್ದರು. ಓದುಗರಿದ್ದೂ ಪತ್ರಿಕೆ ಸತ್ತದ್ದು ಹೇಗೆ? ಅವರ ಬಳಿ ಹಣವಿರಲಿಲ್ಲ. ವಯಸ್ಸಾದ ಕಾರ್ಮಿಕರಿಗೆ ಜಾಹೀರಾತು ತೋರಿಸಿ ಯಾರಿಗೂ ಲಾಭವಿರಲಿಲ್ಲ. ಹೆಸರು ಬದಲಿಸಿ ‘ದಿ ಸನ್’ ಎಂದು ಕರೆದರೂ ನಷ್ಟ ನಿಲ್ಲಲಿಲ್ಲ. 1969ರಲ್ಲಿ ರೂಪರ್ಟ್ ಮರ್ಡೋಕ್ ಅದನ್ನು ಅಗ್ಗದಲ್ಲಿ ಕೊಂಡು ಟ್ಯಾಬ್ಲಾಯ್ಡ್ ಆಕಾರಕ್ಕೆ ಕತ್ತರಿಸಿದರು. ಹತ್ತೇ ವರ್ಷದಲ್ಲಿ, 1979ರ ಚುನಾವಣೆಯ ಹೊತ್ತಿಗೆ, ಕಾರ್ಮಿಕರ ಪತ್ರಿಕೆಯ ಉತ್ತರಾಧಿಕಾರಿ ಎದುರಾಳಿ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಪರ ನಿಂತಿತ್ತು. ಓದುಗರಲ್ಲಿ ದೊಡ್ಡ ಪಾಲು ಕಾರ್ಮಿಕರೇ ಆಗಿದ್ದರು. ಸಂಘದ ಸದಸ್ಯನಾಗಿದ್ದವನು ಈಗ ಗಿರಾಕಿಯಾಗಿದ್ದ, ತೆರಿಗೆ ಕಟ್ಟುವವನಾಗಿದ್ದ, ‘ಅಪ್ಪಟ ಬ್ರಿಟಿಷ’ನಾಗಿದ್ದ. ಮನುಷ್ಯ ಅವನೇ, ಅವನನ್ನು ಕರೆಯುವ ಹೆಸರು ಬೇರೆ.

ಟ್ಯಾಬ್ಲಾಯ್ಡ್ ಪತ್ರಿಕೆಯ ಸಿದ್ಧಾಂತ ಸಂಪಾದಕೀಯದಲ್ಲಿ ಇರುತ್ತದೆ ಎಂದು ಹುಡುಕುವವರಿಗೆ ಏನೂ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಇರುವುದು ಈ ಕರೆಯುವ ಬಗೆಯಲ್ಲಿ, ದನಿಯಲ್ಲಿ. ‘ನಾವು’ ಎಂಬ ಸರ್ವನಾಮವನ್ನು ಇಷ್ಟು ಧಾರಾಳವಾಗಿ ಬಳಸುವ ಬರವಣಿಗೆ ಇನ್ನೊಂದಿಲ್ಲ. ನಮ್ಮ ಹುಡುಗರು ಗೆದ್ದರು, ನಮ್ಮ ಸೈನಿಕರು ಹೊಡೆದರು, ನಮ್ಮ ದುಡ್ಡು ಪೋಲಾಯಿತು. 1982ರ ಫಾಕ್ಲೆಂಡ್ಸ್ ಯುದ್ಧದಲ್ಲಿ ಬ್ರಿಟನ್ ಅರ್ಜೆಂಟೀನಾದ ‘ಬೆಲ್ಗ್ರಾನೊ’ ಯುದ್ಧನೌಕೆಯನ್ನು ಮುಳುಗಿಸಿದಾಗ ‘ದಿ ಸನ್’ ಹಾಕಿದ ತಲೆಬರಹ ಒಂದೇ ಪದದ್ದು, ಆಟದಲ್ಲಿ ಎದುರಾಳಿಯನ್ನು ಔಟ್ ಮಾಡಿದವನು ಕೂಗುವಂಥದ್ದು. ಆ ನೌಕೆಯಲ್ಲಿ 323 ಮಂದಿ ಸತ್ತಿದ್ದರು. ಕ್ರೀಡಾಪುಟದ ನುಡಿಯೇ ಯುದ್ಧಪುಟಕ್ಕೆ ಬಂದಾಗ ವಾದ ಮಾಡಬೇಕಾಗಿಲ್ಲ. ಪಂದ್ಯ ನೋಡುವವನು ಯಾವ ತಂಡದ ಕಡೆ ಎಂದು ಯಾರೂ ಕೇಳುವುದಿಲ್ಲ. ಓದುಗ ದುಡ್ಡು ಕೊಟ್ಟದ್ದು ಫುಟ್‌ಬಾಲ್ ಫಲಿತಾಂಶಕ್ಕೆ, ಪದಬಂಧಕ್ಕೆ, ಚಿತ್ರಗಳಿಗೆ. ರಾಜಕೀಯ ಅದರ ಜೊತೆಗೆ ಕೊಸರು.

ನಗು ಈ ಅಂಗಡಿಯ ಇನ್ನೊಂದು ಸರಕು, ಬಹುಶಃ ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು. ಬಾಳೆಹಣ್ಣಿನ ಕಥೆಯನ್ನೇ ನೋಡಿ. ಒಕ್ಕೂಟದ ಆಡಳಿತ ನಡೆಸುವ, ಬ್ರಸೆಲ್ಸ್ ನಗರದ ಐರೋಪ್ಯ ಆಯೋಗ 1994ರಲ್ಲಿ ಬಾಳೆಹಣ್ಣಿನ ದರ್ಜೆಗಳ ಬಗ್ಗೆ ಒಂದು ನಿಯಮ ತಂದಿತು, ಸಂಖ್ಯೆ 2257. ಹಣ್ಣು ವಿಪರೀತ ಸೊಟ್ಟಗಿರಬಾರದು ಎಂಬ ಮಾತು ಅದರಲ್ಲಿತ್ತು. ವ್ಯಾಪಾರಿಗಳು ದರ್ಜೆಯನ್ನು ಪಾಲಿಸಲೆಂದು ಮಾಡಿದ, ಆಕಳಿಕೆ ತರಿಸುವ ಕಾಗದ. ಅದು ಬ್ರಿಟಿಷ್ ಪತ್ರಿಕೆಗಳಲ್ಲಿ ‘ಬ್ರಸೆಲ್ಸ್ ಅಧಿಕಾರಿಗಳು ಬಾಗಿದ ಬಾಳೆಹಣ್ಣನ್ನು ನಿಷೇಧಿಸಿದರು’ ಎಂದಾಯಿತು. ಇದರ ಚಂದವೆಂದರೆ ಇದು ಪೂರ್ತಿ ಸುಳ್ಳೂ ಅಲ್ಲ. ನಿಯಮ ಇತ್ತು, ಬಾಗಿನ ಮಾತೂ ಇತ್ತು, ನಿಷೇಧ ಮಾತ್ರ ಇರಲಿಲ್ಲ. ಇಂಥ ಕಥೆಗಳನ್ನು ಪಟ್ಟಿ ಮಾಡಿ ಒಂದೊಂದಕ್ಕೂ ಸ್ಪಷ್ಟನೆ ಕೊಡುವ ಕೆಲಸವನ್ನು ಐರೋಪ್ಯ ಆಯೋಗ ವರ್ಷಗಟ್ಟಲೆ ಮಾಡಿತು. ಪಾಪ, ಜೋಕಿಗೆ ಸ್ಪಷ್ಟನೆ ಕೊಡುವವನಿಗಿಂತ ಬಡಪಾಯಿ ಇನ್ನೊಬ್ಬನಿಲ್ಲ. ಅವನು ಬಾಯಿ ತೆರೆದಷ್ಟೂ ಜೋಕು ಹೇಳಿದ್ದೇ ನಿಜವೆನಿಸುತ್ತದೆ: ಬಾಳೆಹಣ್ಣಿನ ಬಾಗಿನ ಬಗ್ಗೆ ಇಷ್ಟುದ್ದ ಉತ್ತರ ಬರೆಯುವ ಕಚೇರಿಯೊಂದು ಇದೆಯಲ್ಲ! ವರ್ಷಕ್ಕೆ ನೂರು ಸಲ ಹೀಗೆ ನಕ್ಕವನ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಯಾವ ಸುದ್ದಿಯೂ ಅಲ್ಲ. ಬ್ರಸೆಲ್ಸ್‌ನಲ್ಲಿ ಕುಳಿತವರು ಮೂರ್ಖರು, ಅವರು ನಮ್ಮ ಮೇಲೆ ಸವಾರಿ ಮಾಡುತ್ತಿದ್ದಾರೆ ಎಂಬ ಒಂದು ರುಚಿ ಮಾತ್ರ. 1975ರ ಜನಮತಗಣನೆಯಲ್ಲಿ ‘ಯುರೋಪಿನೊಳಗೇ ಇರೋಣ’ ಎಂದಿದ್ದ ಪತ್ರಿಕೆಯೂ ಇದೇ ‘ದಿ ಸನ್’ ಎಂಬುದು ಆ ಹೊತ್ತಿಗೆ ಯಾರಿಗೆ ನೆನಪಿತ್ತು?

ಹೆಸರಿಡುವುದರ ಶಕ್ತಿಯನ್ನು ಮೊದಲು ಗಂಭೀರವಾಗಿ ಪರಿಶೀಲಿಸಿದವರಲ್ಲಿ ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬದುಕಿದ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಒಬ್ಬರು. 1970ರ ದಶಕದ ಆರಂಭದಲ್ಲಿ ‘ಮಗಿಂಗ್’ ಎಂಬ ಅಮೆರಿಕನ್ ಪದ ಬ್ರಿಟಿಷ್ ಪತ್ರಿಕೆಗಳಿಗೆ ಬಂತು. ದಾರಿಯಲ್ಲಿ ಹೊಡೆದು ಕಿತ್ತುಕೊಳ್ಳುವುದು ಹೊಸ ಅಪರಾಧವೇನಲ್ಲ, ಅದಕ್ಕೆ ಹಳೆಯ ಹೆಸರುಗಳಿದ್ದವು. ಆದರೆ ಹೊಸ ಪದ ಬರುವಾಗ ತನ್ನ ಜೊತೆಗೆ ಅಮೆರಿಕದ ನಗರಗಳ ಭಯವನ್ನೂ ಕಪ್ಪು ಯುವಕನ ಚಿತ್ರವನ್ನೂ ಹೊತ್ತು ತಂದಿತು. ಪತ್ರಿಕೆ ಬರೆಯಿತು, ನ್ಯಾಯಾಧೀಶರು ಅದನ್ನು ನೆನೆದು ಕಠಿಣ ಶಿಕ್ಷೆ ಕೊಟ್ಟರು, ಆ ಶಿಕ್ಷೆ ಮತ್ತೆ ಸುದ್ದಿಯಾಯಿತು. ಹಾಲ್ ಮತ್ತು ಅವರ ಸಂಗಡಿಗರು ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಡಿಸಿ ತೋರಿಸಿದ್ದು ಈ ಸುತ್ತನ್ನು. ವಿಚಾರಧಾರೆ ಎನ್ನುವುದು ಗೆಲ್ಲುವುದು ತಾನು ವಿಚಾರವೇ ಅಲ್ಲ, ಬರಿಯ ಸಾಮಾನ್ಯ ಜ್ಞಾನ ಎಂದು ಒಪ್ಪಿಸಿದಾಗ.

ಚುನಾವಣೆಯ ವಿಷಯಕ್ಕೆ ಬಂದರೆ ಕಥೆ ಜನ ನಂಬಿರುವುದಕ್ಕಿಂತ ಮಬ್ಬಾಗಿದೆ. 1992ರ ಏಪ್ರಿಲ್ 9ರಂದು, ಮತದಾನದ ದಿನವೇ, ‘ದಿ ಸನ್’ ಲೇಬರ್ ನಾಯಕ ನೀಲ್ ಕಿನ್ನಕ್ ಅವರ ತಲೆಯನ್ನು ವಿದ್ಯುತ್ ಬಲ್ಬಿನೊಳಗೆ ಇಟ್ಟು, ಇವರು ಗೆದ್ದರೆ ದೇಶ ಬಿಡುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಎಂದು ಬರೆಯಿತು. ಕಿನ್ನಕ್ ಸೋತರು. ಎರಡು ದಿನದ ನಂತರ ‘ಗೆಲ್ಲಿಸಿದ್ದು ಸನ್ನೇ’ ಎಂದು ಪತ್ರಿಕೆ ಮೀಸೆ ತಿರುವಿತು. ಆ ತಲೆಬರಹ ಎಷ್ಟು ಪ್ರಸಿದ್ಧವಾಯಿತೆಂದರೆ ಅದೇ ಸಾಕ್ಷ್ಯವೂ ಆಗಿಬಿಟ್ಟಿತು. ಇಪ್ಪತ್ತು ವರ್ಷದ ಮೇಲೆ, ಬ್ರಿಟಿಷ್ ಪತ್ರಿಕೆಗಳ ನಡತೆಯನ್ನು ಪರಿಶೀಲಿಸಿದ ಲೆವೆಸನ್ ವಿಚಾರಣೆಯ ಮುಂದೆ ಪ್ರಮಾಣ ಮಾಡಿ ಕುಳಿತ ಮರ್ಡೋಕ್ ಅದು ಅಭಿರುಚಿಹೀನವೂ ತಪ್ಪೂ ಆಗಿತ್ತು ಎಂದರು. ಇನ್ನೂ ಹಿಂದಿನ ನಿದರ್ಶನವೊಂದಿದೆ. 1924ರ ಅಕ್ಟೋಬರ್ 25ರಂದು, ಚುನಾವಣೆಗೆ ನಾಲ್ಕು ದಿನವಿರುವಾಗ, ‘ಡೇಲಿ ಮೇಲ್’ ಸೋವಿಯತ್ ನಾಯಕ ಜಿನೋವಿಯೆವ್ ಬರೆದದ್ದೆಂಬ ಪತ್ರವನ್ನು ಪ್ರಕಟಿಸಿ ಲೇಬರ್ ಪಕ್ಷದ ಹಿಂದೆ ಮಾಸ್ಕೋದ ಕೈ ತೋರಿಸಿತು. ಪತ್ರ ಖೋಟಾ ಎಂದು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಲೇಬರ್ ಅಧಿಕಾರ ಕಳೆದುಕೊಂಡಿತು ನಿಜ. ಆದರೆ ಆ ಚುನಾವಣೆಯಲ್ಲಿ ಅದರ ಮತ ಸುಮಾರು ಹತ್ತು ಲಕ್ಷ ಹೆಚ್ಚಿತ್ತು! ಕುಸಿದದ್ದು ಲಿಬರಲ್ ಪಕ್ಷ.

ಪ್ರಭಾವವೇ ಇಲ್ಲ ಎನ್ನಲೂ ಆಗದು. 1997ರಲ್ಲಿ ‘ದಿ ಸನ್’ ಇದ್ದಕ್ಕಿದ್ದಂತೆ ಲೇಬರ್ ನಾಯಕ ಟೋನಿ ಬ್ಲೇರ್ ಪರ ತಿರುಗಿತು. ಜೊನಾಥನ್ ಲ್ಯಾಡ್ ಮತ್ತು ಗೇಬ್ರಿಯಲ್ ಲೆನ್ಜ್ ಎಂಬ ವಿದ್ವಾಂಸರು ಹೀಗೆ ತಿರುಗಿದ ಪತ್ರಿಕೆಗಳ ಓದುಗರನ್ನು ಇತರರೊಂದಿಗೆ ಹೋಲಿಸಿ, ಅವರಲ್ಲಿ ಶೇ 10ರಿಂದ 25ರಷ್ಟು ಮಂದಿಯ ಮತ ಪತ್ರಿಕೆಯ ಜೊತೆ ಸರಿದಿರಬಹುದು ಎಂದು ಅಂದಾಜಿಸಿದರು. ಕಡಿಮೆಯೇನಲ್ಲ. ಆದರೆ ಬ್ಲೇರ್ ಆ ಹೊತ್ತಿಗೆ ಗೆಲ್ಲುವ ಕುದುರೆಯಾಗಿದ್ದರು. 2009ರಲ್ಲಿ ಪತ್ರಿಕೆ ಮತ್ತೆ ಕನ್ಸರ್ವೇಟಿವ್ ಕಡೆ ಹೊರಳಿದಾಗಲೂ, 2024ರಲ್ಲಿ ಮತದಾನದ ಮುನ್ನಾದಿನ ಲೇಬರ್ ಕಡೆ ಬಂದಾಗಲೂ ಗಾಳಿ ಬೀಸುವ ದಿಕ್ಕು ಎಲ್ಲರಿಗೂ ಗೊತ್ತಿತ್ತು. ಪಕ್ಷದ ವಿಷಯದಲ್ಲಿ ಟ್ಯಾಬ್ಲಾಯ್ಡ್ ಚಂಚಲೆ. ವಲಸಿಗರು, ಸರ್ಕಾರಿ ಭತ್ಯೆ ಪಡೆಯುವವರು, ಶಿಕ್ಷೆಯ ಕಠಿಣತೆ, ಯುರೋಪ್ ಇವುಗಳ ವಿಷಯದಲ್ಲಿ ಅದರ ದನಿ ದಶಕಗಟ್ಟಲೆ ಕದಲುವುದಿಲ್ಲ. ಮತಪೆಟ್ಟಿಗೆಯನ್ನಷ್ಟೇ ನೋಡುವವರಿಗೆ ಈ ಎರಡನೆಯದು ಕಾಣಿಸುವುದೇ ಇಲ್ಲ.

ಅದನ್ನು ಚೆನ್ನಾಗಿ ಕಂಡವರು ರಾಜಕಾರಣಿಗಳು. ಟ್ಯಾಬ್ಲಾಯ್ಡ್ ಪತ್ರಿಕೆಯ ಅತಿ ಶ್ರದ್ಧೆಯ ಓದುಗ ಕಾರ್ಖಾನೆಯ ಕಾರ್ಮಿಕನಲ್ಲ, ಮಂತ್ರಿಯ ಆಪ್ತ ಕಾರ್ಯದರ್ಶಿ. 1995ರಲ್ಲಿ, ಇನ್ನೂ ವಿರೋಧ ಪಕ್ಷದ ನಾಯಕನಾಗಿದ್ದಾಗ, ಬ್ಲೇರ್ ಮರ್ಡೋಕ್ ಕಂಪನಿಯ ಸಭೆಯಲ್ಲಿ ಮಾತನಾಡಲು ಆಸ್ಟ್ರೇಲಿಯಾದ ಹೇಮನ್ ದ್ವೀಪದವರೆಗೆ ಹಾರಿದರು. ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರೂನ್ ತಮ್ಮ ಸಂವಹನ ನಿರ್ದೇಶಕರನ್ನಾಗಿ ಆರಿಸಿಕೊಂಡದ್ದು ‘ನ್ಯೂಸ್ ಆಫ್ ದಿ ವರ್ಲ್ಡ್’ ಟ್ಯಾಬ್ಲಾಯ್ಡ್‌ನ ಮಾಜಿ ಸಂಪಾದಕರನ್ನು. ಆ ಪತ್ರಿಕೆ ಮೊಬೈಲ್ ಸಂದೇಶಗಳನ್ನು ಕದ್ದು ಕೇಳಿದ ಹಗರಣದಲ್ಲಿ 2011ರ ಜುಲೈನಲ್ಲಿ, 168 ವರ್ಷ ನಡೆದ ಮೇಲೆ, ಮುಚ್ಚಿತು. ಓದುಗನ ಮನಸ್ಸು ಬದಲಾಗಲಿ ಬಿಡಲಿ, ಅದು ಬದಲಾದೀತೆಂಬ ಅಂಜಿಕೆಯೇ ಸಾಕು. ಮಸೂದೆ ಬರೆಯುವವನ ಪೆನ್ನು ತಡವರಿಸುತ್ತದೆ. ಜನಾಭಿಪ್ರಾಯ ಎಂದು ಸಚಿವರು ಹೇಳುವಾಗ ಎಷ್ಟೋ ಸಲ ಅವರ ಮೇಜಿನ ಮೇಲಿರುವುದು ಮುಖಪುಟಗಳ ಕಟ್ಟು.

ಈ ‘ನಾವು’ ಕೆಲವೊಮ್ಮೆ ಹಲ್ಲು ತೋರಿಸುತ್ತದೆ. ಬ್ರೆಕ್ಸಿಟ್ ಪ್ರಕ್ರಿಯೆ ಆರಂಭಿಸಲು ಸಂಸತ್ತಿನ ಒಪ್ಪಿಗೆ ಬೇಕೆಂದು 2016ರ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಮರುದಿನ ‘ಡೇಲಿ ಮೇಲ್’ ಮುಖಪುಟದಲ್ಲಿ ಅವರ ಮೂರು ಭಾವಚಿತ್ರಗಳು, ಕೆಳಗೆ ‘ಜನರ ಶತ್ರುಗಳು’ ಎಂಬ ತಲೆಬರಹ. ತೀರ್ಪು ಹೇಳಿದ್ದು ಸಂಸತ್ತು ಮತ ಹಾಕಲಿ ಎಂದು ಮಾತ್ರ; ಸುಪ್ರೀಂ ಕೋರ್ಟ್ ಕೂಡ ಮುಂದೆ 8–3ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆ ಮೂವರಲ್ಲಿ ಒಬ್ಬರಾದ ಅಂದಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಥಾಮಸ್, ತಮ್ಮ ಇಡೀ ವೃತ್ತಿಜೀವನದಲ್ಲಿ ಪೊಲೀಸರಿಂದ ಸಲಹೆ ಮತ್ತು ರಕ್ಷಣೆ ಕೇಳಬೇಕಾಗಿ ಬಂದದ್ದು ಆಗ ಮಾತ್ರ ಎಂದು ಸಂಸದೀಯ ಸಮಿತಿಯ ಮುಂದೆ ಹೇಳಿದರು. ಸಂವಿಧಾನದ ಒಂದು ಒಣ ಪ್ರಶ್ನೆಯನ್ನು ‘ಜನ’ ಮತ್ತು ‘ಶತ್ರು’ ಎಂದು ಒಡೆಯಲು ಪತ್ರಿಕೆಗೆ ಒಂದು ರಾತ್ರಿ ಸಾಕಾಗಿತ್ತು. ಹಿಂದಿನ ಮೂವತ್ತು ವರ್ಷ ನೆಲ ಹದವಾಗಿದ್ದರಿಂದ.

ಜರ್ಮನಿಯಲ್ಲಿ ಇದರ ನಂಟು ರಕ್ತದೊಂದಿಗೂ ತಳುಕು ಹಾಕಿಕೊಂಡಿತು. ಆಕ್ಸೆಲ್ ಸ್ಪ್ರಿಂಗರ್ 1952ರಲ್ಲಿ ಆರಂಭಿಸಿದ ‘ಬಿಲ್ಡ್’ ಎಂಬ ಜನಪ್ರಿಯ ದಿನಪತ್ರಿಕೆ 1968ರ ಹೊತ್ತಿಗೆ ವಿದ್ಯಾರ್ಥಿ ಚಳವಳಿಯ ಮೇಲೆ ಹರಿಹಾಯುತ್ತಿತ್ತು. ಆ ವರ್ಷದ ಏಪ್ರಿಲ್ 11ರಂದು ಚಳವಳಿಯ ನಾಯಕ ರೂಡಿ ಡುಚ್ಕೆಗೆ ಯುವಕನೊಬ್ಬ ಬರ್ಲಿನ್ ಬೀದಿಯಲ್ಲಿ ಗುಂಡು ಹಾರಿಸಿದ. ‘ಗುಂಡಿನಲ್ಲಿ ಬಿಲ್ಡ್ ಪಾಲೂ ಇದೆ’ ಎಂದು ಕೂಗುತ್ತ ವಿದ್ಯಾರ್ಥಿಗಳು ಸ್ಪ್ರಿಂಗರ್ ಕಚೇರಿಗೆ ಮುತ್ತಿಗೆ ಹಾಕಿದರು. ದಾಳಿಕೋರನ ಬಳಿ ಸಿಕ್ಕ ಪತ್ರಿಕೆಯ ತುಣುಕು ‘ಬಿಲ್ಡ್’ನದ್ದಾಗಿರಲಿಲ್ಲ, ಮತ್ತೊಂದು ಬಲಪಂಥೀಯ ಪತ್ರಿಕೆಯದ್ದು. ಹಾಗಾಗಿ ವಿದ್ಯಾರ್ಥಿಗಳ ಆರೋಪ ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಅವರು ಬೊಟ್ಟು ಮಾಡುತ್ತಿದ್ದದ್ದು ಒಂದು ತುಣುಕಿನತ್ತ ಅಲ್ಲ, ದಿನವೂ ಉಸಿರಾಡುವ ಹವೆಯತ್ತ. ಹವೆಯ ಮೇಲೆ ಮೊಕದ್ದಮೆ ಹೂಡುವುದು ಕಷ್ಟ.

ಇಂದು ಮುದ್ರಿತ ಟ್ಯಾಬ್ಲಾಯ್ಡ್ ಕುಗ್ಗುತ್ತಿದೆ. 2020ರಲ್ಲಿ ‘ದಿ ಸನ್’ ತನ್ನ ಪ್ರಸಾರ ಸಂಖ್ಯೆಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಆ ಹೊತ್ತಿಗೆ ಅದು ಹಳೆಯ ವೈಭವದ ಮೂರನೇ ಒಂದು ಭಾಗಕ್ಕೂ ಕೆಳಗಿಳಿದಿತ್ತು. ಆದರೆ ಅದರ ವ್ಯಾಕರಣ ಪರದೆಗೆ ಸಲೀಸಾಗಿ ಸಾಗಿದೆ. ಒಂದೇ ಪದದ ತಲೆಬರಹ, ಕೋಪವನ್ನೂ ನಗುವನ್ನೂ ಒಟ್ಟಿಗೆ ಕೆರಳಿಸುವ ಚಿತ್ರ, ನಾವು–ಅವರು ಎಂಬ ಗೆರೆ: ಫೋನಿನಲ್ಲಿ ಬೆರಳು ಜಾರಿಸುತ್ತ ಹೋಗುವವನಿಗಾಗಿಯೇ ಮಾಡಿಸಿಟ್ಟಂತಿವೆ. ವ್ಯತ್ಯಾಸವೂ ಇದೆ. ಒಂದು ಮುಖಪುಟವನ್ನು ಊರಿಗೆ ಊರೇ ಒಟ್ಟಿಗೆ ನೋಡುತ್ತಿತ್ತು. ಹಾಗಾಗಿಯೇ ಒಟ್ಟಿಗೆ ಸಿಟ್ಟಾಗಲು, ಒಟ್ಟಿಗೆ ಬಿಡಲು ಅದಕ್ಕೆ ಸಾಧ್ಯವಾಯಿತು. ಫೋನಿನಲ್ಲಿ ಪಕ್ಕದವನಿಗೆ ಯಾವ ತಲೆಬರಹ ಬಂತೆಂದು ನನಗೆ ತಿಳಿಯುವುದಿಲ್ಲ.

2017ರಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ‘ದಿ ಸನ್’ ವರದಿಗಾರರಿಗೆ ತನ್ನ ಮೈದಾನದ ಬಾಗಿಲು ಮುಚ್ಚಿತು. ಎದುರಾಳಿ ಎವರ್ಟನ್ ಕ್ಲಬ್ ಕೂಡ ಅದೇ ವರ್ಷ ಹಾಗೆಯೇ ಮಾಡಿತು. ಪಂದ್ಯ ಮುಗಿದ ರಾತ್ರಿ ಅಂಕಗಳನ್ನು ಹುಡುಕುವ ಹುಡುಗನಿಗೆ ಫೋನಿನಲ್ಲಿ ಆ ಪತ್ರಿಕೆಯ ಕೊಂಡಿ ಉಳಿದೆಲ್ಲದರ ನಡುವೆ ಕಾಣಿಸುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಆಚೆ ನಿಂತು ‘ಅದನ್ನು ನಾವು ಮಾರುವುದಿಲ್ಲಪ್ಪಾ’ ಎನ್ನುವವರು ಅಲ್ಲಿಲ್ಲ.